ಗರಿಕೆಯ ಹಿತ್ತಲು, ಜಾಲಿಯ ನೆರಳು: ಅರಿಜೋನಾ ಮರುಭೂಮಿಯ ಮನೆಯಂಗಳದ ಚರಿತ್ರೆ

ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ ನೆಲೆಸಿರುವ ಕನ್ನಡಿಗರು ಗಣೇಶ ಚೌತಿಯ ದಿನ ಗರಿಕೆಗಾಗಿ ಅಲೆಯಬೇಕಿಲ್ಲ. ಹಿತ್ತಲಿನಲ್ಲಿ ಹುಲ್ಲುಹಾಸಿದ್ದರೆ ಅದರ ಅಂಚಿಗೆ ಹೋಗಿ ಬಗ್ಗಿದರೆ ಸಾಕು. ಅಲ್ಲಿನವರು ಬರ್ಮುಡಾ ಹುಲ್ಲು ಎಂದು ಕರೆಯುವುದು ನಮ್ಮ ಗರಿಕೆಯನ್ನೇ. ಸಸ್ಯಶಾಸ್ತ್ರದಲ್ಲಿ ಎರಡಕ್ಕೂ ಒಂದೇ ಹೆಸರು: ಸೈನೊಡಾನ್ ಡ್ಯಾಕ್ಟಿಲಾನ್. ಇದು ಬರ್ಮುಡಾ ದ್ವೀಪದ ಮೂಲದ್ದಲ್ಲ, ಅರಿಜೋನಾದ್ದಂತೂ ಅಲ್ಲವೇ ಅಲ್ಲ. ವರ್ಷಕ್ಕೆ 200 ಮಿಲಿಮೀಟರ್ ಮಳೆಯೂ ಬೀಳದ, ಬೇಸಿಗೆಯಲ್ಲಿ ಬಿಸಿಲು 43 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲಾಗಿರುವ ಸೊನೋರಾ ಮರುಭೂಮಿಯಲ್ಲಿ ಈ ಹುಲ್ಲು ಹಸಿರಾಗಿದೆ ಎಂದರೆ ಅದಕ್ಕೆ ಯಾರೋ ಎಲ್ಲಿಂದಲೋ ನೀರು ತಂದಿದ್ದಾರೆ ಎಂದೇ ಅರ್ಥ.

ಆ ಹುಲ್ಲನ್ನು ಈಗ ಅಗೆದು ತೆಗೆಯುತ್ತಿದ್ದಾರೆ. ಅದರ ಜಾಗದಲ್ಲಿ ಜಲ್ಲಿ ಹರವುತ್ತಾರೆ, ಕಳ್ಳಿ ನೆಡುತ್ತಾರೆ, ಹನಿ ನೀರಾವರಿಯ ಕೊಳವೆ ಎಳೆಯುತ್ತಾರೆ. ಹಿತ್ತಲನ್ನು ಹೊಸದಾಗಿಸುವುದು ನಮ್ಮ ಕಣ್ಣಿಗೆ ಮನೆಯವರ ಖಾಸಗಿ ಕೆಲಸ. ಆದರೆ ಮರುಭೂಮಿಯಲ್ಲಿ ಪ್ರತಿ ಹಿತ್ತಲೂ ಯಾವುದೋ ಒಂದು ನದಿಯ ಕೊನೆ. ಅಲ್ಲಿ ಏನು ಬೆಳೆಯಬೇಕು ಎಂದು ಮನೆಯವರು ತೀರ್ಮಾನಿಸುವ ಮೊದಲೇ ರೈಲು, ಅಣೆಕಟ್ಟು, ಕಾಯಿದೆ, ನ್ಯಾಯಾಲಯಗಳು ಬಹಳಷ್ಟನ್ನು ತೀರ್ಮಾನಿಸಿಬಿಟ್ಟಿರುತ್ತವೆ. ಆ ತೀರ್ಮಾನಗಳ ಚರಿತ್ರೆಯನ್ನು ಒಂದು ಅಂಗಳದ ಅಳತೆಯಲ್ಲಿ ಓದುವ ಪ್ರಯತ್ನವಿದು.

ಬೂದಿಯಿಂದ ಎದ್ದ ಊರು

1867ರಲ್ಲಿ ಜಾಕ್ ಸ್ವಿಲ್ಲಿಂಗ್ ಎಂಬಾತ ಸಾಲ್ಟ್ ನದಿಯ ಕಣಿವೆಯಲ್ಲಿ ಕಾಲುವೆ ತೋಡುವ ಕಂಪನಿಯೊಂದನ್ನು ಕಟ್ಟಿದ. ಆ ಕಣಿವೆಯ ತುಂಬ ಹಳೆಯ ಕಾಲುವೆಗಳ ಗುರುತುಗಳಿದ್ದವು. ಪುರಾತತ್ವಜ್ಞರು ಹೊಹೊಕಾಮ್ ಎಂದು ಕರೆಯುವ, ಸ್ಥಳೀಯ ಓಓಧಾಮ್ ಜನ ಹುಹುಗಾಮ್ ಎಂದು ನೆನೆಯುವ ಪೂರ್ವಿಕರು ಸುಮಾರು 1450ರವರೆಗೂ, ಸಾವಿರ ವರ್ಷಕ್ಕೂ ಹೆಚ್ಚು ಕಾಲ, ನೂರಾರು ಕಿಲೋಮೀಟರ್ ಉದ್ದದ ಕಾಲುವೆಗಳಿಂದ ಅಲ್ಲಿ ಬೇಸಾಯ ಮಾಡಿದ್ದರು. ಅಳಿದ ನಾಗರಿಕತೆಯೊಂದರ ಬೂದಿಯಿಂದ ಎದ್ದುಬರುತ್ತಿರುವ ಊರು ಎಂಬ ಅರ್ಥದಲ್ಲಿ ಹೊಸ ಊರಿಗೆ ಫೀನಿಕ್ಸ್ ಎಂಬ ಹೆಸರು ಬಂತು.

ಹೆಸರೇನೋ ಚೆನ್ನಾಗಿದೆ. ಆದರೆ ಅದರೊಳಗೆ ಒಂದು ಮರೆವು ಅಡಗಿದೆ. ಆ ಪೂರ್ವಿಕರ ವಂಶದವರು ಅಳಿದಿರಲಿಲ್ಲ. ಪಕ್ಕದ ಹೀಲಾ ನದಿಯ ದಂಡೆಯಲ್ಲಿ ಅಕಿಮೆಲ್ ಓಓಧಾಮ್, ಅಂದರೆ ನದಿಯ ಜನ, ಆಗಲೂ ಗೋಧಿ, ಜೋಳ, ಕಾಳು ಬೆಳೆಯುತ್ತಿದ್ದರು. ಕ್ಯಾಲಿಫೋರ್ನಿಯಾದ ಚಿನ್ನವನ್ನು ಹುಡುಕಿ ಹೊರಟ ಬಿಳಿಯ ಪ್ರಯಾಣಿಕರಿಗೆ ಗೋಧಿ ಮಾರಿ ಬದುಕಿಸಿದವರು ಇವರೇ. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಹೊಸ ವಲಸಿಗರು ನದಿಯ ಮೇಲ್ಭಾಗದಲ್ಲಿ ನೀರು ತಿರುಗಿಸಿಕೊಂಡರು. ಕೆಳಗಿನ ಹೊಲಗಳು ಒಣಗಿದವು. ಪರರಿಗೆ ಉಣಿಸಿದ್ದ ಜನ ಸರ್ಕಾರದ ಪಡಿತರಕ್ಕೆ ಕೈಯೊಡ್ಡುವಂತಾಯಿತು.

ಇದನ್ನು ಮೊದಲೇ ಹೇಳಲು ಕಾರಣವಿದೆ. 'ಮರುಭೂಮಿಯಲ್ಲಿ ಹುಲ್ಲು ಬೆಳೆಸಿದ್ದು ತಪ್ಪು, ಅದನ್ನು ಬರಡಾಗಿಯೇ ಬಿಡಬೇಕು' ಎಂಬ ಮಾತು ಇಂದು ಎಲ್ಲೆಡೆ ಕೇಳುತ್ತದೆ. ಆ ನೆಲ ಬರಡಾಗಿರಲಿಲ್ಲ. ಓಓಧಾಮ್ ಮನೆಯ ಮುಂದೆ ವಾಟೊ ಎಂಬ ಚಪ್ಪರವಿರುತ್ತಿತ್ತು. ಮೆಸ್ಕೀಟ್ ಮರದ ಕಂಬಗಳ ಮೇಲೆ ಸೊಪ್ಪು ಕಡ್ಡಿ ಹೊದಿಸಿದ, ನಾಲ್ಕೂ ಕಡೆ ಗಾಳಿಯಾಡುವ ಜಾಗ. ಅಡುಗೆ, ಮಾತುಕತೆ, ಬೇಸಿಗೆಯ ನಿದ್ದೆ ಎಲ್ಲವೂ ಅದರಡಿಯಲ್ಲೇ. ಹೊಳೆಯಿಲ್ಲದ ಕಡೆಯ ತೊಹೊನೊ ಓಓಧಾಮ್, ಅಂದರೆ ಮರುಭೂಮಿಯ ಜನ, ಹಳ್ಳದ ಬಾಯಲ್ಲಿ ಬದು ಕಟ್ಟಿ, ಬೇಸಿಗೆಯ ಮಳೆಗೆ ನುಗ್ಗಿಬರುವ ನೀರನ್ನು ಹರಡಿಸಿ ಟೆಪರಿ ಎಂಬ ಕಾಳು ಬೆಳೆದರು. ಮೆಸ್ಕೀಟ್ ಕಾಯಿಯನ್ನು ಕುಟ್ಟಿ ಹಿಟ್ಟು ಮಾಡಿದರು. ಕ್ರಿಯೊಸೋಟ್ ಎಂಬ ಪೊದೆ ಅವರ ಮನೆಮದ್ದು. ಮೊದಲ ಮಳೆಗೆ ಆ ಮರುಭೂಮಿಯಿಂದ ಏಳುವ ವಾಸನೆಯೂ ಅದೇ ಪೊದೆಯದು.

ಹಿತ್ತಲ ಗಿಡ ಮದ್ದಲ್ಲ ಎಂಬ ನಮ್ಮ ಗಾದೆ ಮುಂದಿನ ನೂರು ವರ್ಷಗಳ ಅರಿಜೋನಾಕ್ಕೆಂದೇ ಮಾಡಿಟ್ಟಂತಿದೆ.

ಹಿಂದಿದ್ದ ಅಂಗಳ ಮುಂದೆ ಬಂತು

ಫೀನಿಕ್ಸ್‌ನ ದಕ್ಷಿಣಕ್ಕಿರುವ ಟೂಸಾನ್ ಇನ್ನೂ ಹಳೆಯ ಊರು. ಅಲ್ಲಿನ ಮೆಕ್ಸಿಕನ್ ಕುಟುಂಬಗಳು ಬಿಸಿಲಲ್ಲಿ ಒಣಗಿಸಿದ ಹಸಿ ಇಟ್ಟಿಗೆಯಿಂದ ದಪ್ಪ ಗೋಡೆಯ ಮನೆ ಕಟ್ಟುತ್ತಿದ್ದವು. ಮನೆಯ ಮುಂಗೋಡೆ ಬೀದಿಯ ಅಂಚಿಗೇ ನಿಲ್ಲುತ್ತಿತ್ತು, ಪಕ್ಕದ ಮನೆಗೆ ಅಂಟಿಕೊಂಡಿರುತ್ತಿತ್ತು. ಬಯಲೆಲ್ಲ ಹಿಂದೆ, ಗೋಡೆಗಳ ನಡುವೆ. ನಮ್ಮ ತೊಟ್ಟಿಮನೆ ಕಂಡವರಿಗೆ ಇದರ ತರ್ಕ ಬೇಗ ತಿಳಿಯುತ್ತದೆ: ಗೋಡೆಯ ನೆರಳೇ ಅಂಗಳದ ಸೂರು. ಅಲ್ಲಿ ಬಾವಿ, ಒಲೆ, ದಾಳಿಂಬೆ ಅಂಜೂರದ ಒಂದೆರಡು ಗಿಡ. ನೀರು ಹನಿಯಷ್ಟು, ನೆರಳು ಮನೆ ತುಂಬ.

1880ರಲ್ಲಿ ಟೂಸಾನ್‌ಗೆ ರೈಲು ಬಂತು. ಅದರೊಡನೆ ಮರದ ಹಲಗೆ, ಸುಟ್ಟ ಇಟ್ಟಿಗೆ, ತಗಡು, ಜೊತೆಗೆ ಪೂರ್ವ ರಾಜ್ಯಗಳ ಮನೆಯ ಕಲ್ಪನೆಯೂ ಬಂತು. ಮನೆ ನಿವೇಶನದ ನಡುವಿಗೆ ಸರಿಯಿತು. ಮುಂದೆ ಹುಲ್ಲು, ಸುತ್ತ ಬಯಲು, ಹಿಂದೆ ಮತ್ತಷ್ಟು ಹುಲ್ಲು. ವರ್ಷವಿಡೀ ಮಳೆ ಬೀಳುವ ನಾಡಿನಲ್ಲಿ ಹುಟ್ಟಿದ ಈ ವಿನ್ಯಾಸ ಮರುಭೂಮಿಯಲ್ಲಿ ಗೋಡೆಗಳ ನೆರಳನ್ನು ಕಳೆದುಕೊಂಡು, ಆ ನಷ್ಟವನ್ನು ನೀರಿನಿಂದ ತುಂಬಿಕೊಳ್ಳಬೇಕಾಯಿತು. ಹುಲ್ಲುಹಾಸನ್ನು ಬರೀ ಶೋಕಿ ಎಂದು ತಳ್ಳಿಹಾಕುವುದೂ ಸರಿಯಲ್ಲ. ಕ್ಷಯಕ್ಕೂ ಉಬ್ಬಸಕ್ಕೂ ಒಣಹವೆ ಒಳ್ಳೆಯದೆಂದು ವೈದ್ಯರ ಮಾತು ಕೇಳಿ ಮನೆ ಬಿಟ್ಟು ಬಂದವರು ಇಲ್ಲಿ ಬಹಳ. ಅವರಿಗೆ ಹಸಿರು ಎಂದರೆ ಬಿಟ್ಟುಬಂದ ಊರು. ತಮಾಷೆಯೆಂದರೆ ಅವರೂ ಅವರ ನಂತರದವರೂ ನೆರಳಿಗೆಂದು ನೆಟ್ಟ ಹಿಪ್ಪುನೇರಳೆ, ಆಲಿವ್ ಮರಗಳ ಪರಾಗದಿಂದಲೇ ಊರಿಗೆ ಉಬ್ಬಸ ಅಂಟಿತು. 1980ರ ದಶಕದಲ್ಲಿ ಟೂಸಾನ್ ಇರುವ ಪಿಮಾ ಕೌಂಟಿ ಇಂಥ ಮರಗಳ ಮಾರಾಟವನ್ನೇ ನಿರ್ಬಂಧಿಸಿತು.

ಫೀನಿಕ್ಸ್‌ನಲ್ಲಿ ಹುಲ್ಲಿಗೆ ಬೇಕಾದ ನೀರನ್ನು ಒಕ್ಕೂಟ ಸರ್ಕಾರವೇ ಒದಗಿಸಿತು. 1911ರಲ್ಲಿ ಸಾಲ್ಟ್ ನದಿಗೆ ರೂಸ್‌ವೆಲ್ಟ್ ಅಣೆಕಟ್ಟು ಬಂತು. ಉದ್ದೇಶ ಬೇಸಾಯ. ಆದರೆ ಹೊಲ, ಕಿತ್ತಳೆ ತೋಟಗಳನ್ನು ನಿವೇಶನ ಮಾಡಿ ಮಾರಿದಾಗ ನೀರಿನ ಹಕ್ಕು ನೆಲದ ಜೊತೆಗೇ ಮನೆಯವರಿಗೆ ದಾಟಿತು. ಹಾಗಾಗಿ ನಗರದ ಹಳೆಯ ಬಡಾವಣೆಗಳಲ್ಲಿ ಇಂದಿಗೂ ಒಂದು ವಿಚಿತ್ರ ನೋಟ ಸಿಗುತ್ತದೆ. ಬೇಸಿಗೆಯಲ್ಲಿ ಸುಮಾರು ಎರಡು ವಾರಕ್ಕೊಮ್ಮೆ, ಕೆಲವೊಮ್ಮೆ ನಡುರಾತ್ರಿಯಲ್ಲಿ, ಮನೆಯವರು ಎದ್ದು ಹಿತ್ತಲಿನ ತೂಬು ತೆಗೆಯುತ್ತಾರೆ. ಸುತ್ತ ಬದು ಕಟ್ಟಿದ ಅಂಗಳ ಗದ್ದೆಯಂತೆ ನೀರು ನಿಂತು ಬೆಳಗಾಗುವುದರೊಳಗೆ ಹೀರಿಕೊಳ್ಳುತ್ತದೆ. ಕಾಲುವೆಯ ನೀರನ್ನು ಸರದಿಯಂತೆ ಬಿಡುವ ನೌಕರನಿಗೆ ಅಲ್ಲಿ ಸ್ಪ್ಯಾನಿಷ್ ಹೆಸರೇ ಉಳಿದಿದೆ, ಸಾನ್‌ಹೆರೊ. ನಮ್ಮ ಕೆರೆಗಳ ನೀರುಗಂಟಿಯ ಬಂಧು ಅವನು.

ಎರಡನೇ ಮಹಾಯುದ್ಧದ ನಂತರ ಊರು ಹಿಗ್ಗಿದ ರೀತಿ ಬೆರಗು ಹುಟ್ಟಿಸುತ್ತದೆ. 1950ರಲ್ಲಿ ಫೀನಿಕ್ಸ್‌ನ ಜನಸಂಖ್ಯೆ 1,06,818. ಸುತ್ತಲಿನ ಪ್ರದೇಶಗಳನ್ನು ಸೇರಿಸಿಕೊಂಡ ಮೇಲೆ 1960ರಲ್ಲಿ 4,39,170. ಹವಾನಿಯಂತ್ರಣ ಬಂದ ಮೇಲೆ ದಪ್ಪ ಗೋಡೆಯೂ ಚಪ್ಪರವೂ ಅನಗತ್ಯವೆನಿಸಿದವು. ಒಂದೇ ಅಚ್ಚಿನ ಮನೆಗಳ ಹಿಂದೆ ಒಂದೇ ಅಚ್ಚಿನ ಹಿತ್ತಲು: ಗರಿಕೆ, ಕಾಂಕ್ರೀಟು ಕಟ್ಟೆ, ಸಾಧ್ಯವಾದವರಿಗೆ ಈಜುಕೊಳ. ಬೇಸಿಗೆಯ ಗರಿಕೆ ಚಳಿಗೆ ಒಣಗಿದರೆ ಅದರ ಮೇಲೆಯೇ ರೈ ಹುಲ್ಲಿನ ಬೀಜ ಚೆಲ್ಲಿ ವರ್ಷವಿಡೀ ಹಸಿರು ಕಾಯ್ದುಕೊಳ್ಳುವ ಪದ್ಧತಿಯೂ ಬೆಳೆಯಿತು.

ಈ ಹಸಿರು ಎಲ್ಲರಿಗೂ ಸಿಗಲಿಲ್ಲ. ಕಪ್ಪು ಜನರನ್ನೂ ಮೆಕ್ಸಿಕನ್ ಮೂಲದವರನ್ನೂ ರೈಲುಹಳಿಯ ದಕ್ಷಿಣಕ್ಕೆ, ಕಾರ್ಖಾನೆ ಗೋದಾಮುಗಳ ಮಗ್ಗುಲಿಗೆ ತಳ್ಳಲಾಗಿತ್ತು. ನಗರದ ಸಸ್ಯವೈವಿಧ್ಯವನ್ನು ಅಳೆದ ಪರಿಸರ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಒಂದು ಜಾಗದಲ್ಲಿ ಎಷ್ಟು ಬಗೆಯ ಗಿಡಗಳಿವೆ ಎಂಬುದಕ್ಕೂ ಅಲ್ಲಿನ ಕುಟುಂಬಗಳ ಆದಾಯಕ್ಕೂ ನೇರ ನಂಟಿದೆ ಎಂದು ತೋರಿಸಿತು. ಆ ನಂಟಿಗೆ ಅವರು 'ಐಷಾರಾಮದ ಪರಿಣಾಮ' ಎಂದು ಹೆಸರಿಟ್ಟರು. ಈ ಮರುಭೂಮಿಯಲ್ಲಿ ನೆರಳಿಗೂ ಜಾತಕವಿದೆ.

ಬಿಲ್ಲು ಬಂದಾಗ

ಹುಲ್ಲಿನ ಕಾಲ ಕೊನೆಗೊಳ್ಳಲು ಶುರುವಾದದ್ದು ಪರಿಸರ ಪ್ರೇಮದಿಂದಲ್ಲ, ನೀರಿನ ಬಿಲ್ಲಿನಿಂದ. ಆ ಕಾಲದ ಟೂಸಾನ್ ಪೂರ್ತಿ ಅಂತರ್ಜಲವನ್ನೇ ನಂಬಿದ ಊರು. 1976ರಲ್ಲಿ ನಗರಸಭೆ ನೀರಿನ ದರ ಏರಿಸಿತು. ಸಿಟ್ಟಾದ ಮತದಾರರು ದರ ಏರಿಸಿದ ಕೆಲವು ಸದಸ್ಯರನ್ನು 1977ರ ಆರಂಭದಲ್ಲಿ ಕೆಳಗಿಳಿಸಿದರು. ಹೊಸಬರು ಬಂದು ಲೆಕ್ಕ ನೋಡಿದರೆ ದರ ಇಳಿಸಲು ದಾರಿಯೇ ಇರಲಿಲ್ಲ. ಅದೇ ವರ್ಷ 'ಬೀಟ್ ದ ಪೀಕ್' ಎಂಬ ಪ್ರಚಾರ ಶುರುವಾಯಿತು: ಬೇಸಿಗೆಯ ಸಂಜೆ ಎಲ್ಲರೂ ಒಟ್ಟಿಗೆ ಅಂಗಳಕ್ಕೆ ನೀರು ಬಿಡಬೇಡಿ ಎಂದು. ಆಮೇಲೆ ಮುಂದಿನಂಗಳದ ಹುಲ್ಲು ಒಂದೊಂದಾಗಿ ಕಾಣೆಯಾಗಿ ಜಲ್ಲಿ ಬಂತು. ಕೆಲವರು ಮನಸ್ಸು ತಡೆಯದೆ ಜಲ್ಲಿಗೇ ಹಸಿರು ಬಣ್ಣ ಬಳಿದರು. 1981ರಲ್ಲಿ ಡೆನ್ವರ್ ನಗರದ ನೀರು ಇಲಾಖೆ, ಕಡಿಮೆ ನೀರಿನ ತೋಟಗಾರಿಕೆಗೆ 'ಜೆರಿಸ್ಕೇಪ್' ಎಂಬ ಪದವನ್ನು ಟಂಕಿಸಿತು. 'ಜೆರೋಸ್' ಎಂದರೆ ಗ್ರೀಕಿನಲ್ಲಿ ಒಣಗಿದ್ದು.

ಲೆಕ್ಕವನ್ನು ಇನ್ನೂ ಕಟುವಾಗಿ ಮುಂದಿಟ್ಟದ್ದು ನೆರೆಯ ನೆವಾಡಾದ ಲಾಸ್ ವೇಗಸ್. ಆ ಊರಿನ ಮಳೆ ವರ್ಷಕ್ಕೆ ಸುಮಾರು ನಾಲ್ಕು ಇಂಚು. ಅಲ್ಲಿನ ನೀರು ಪ್ರಾಧಿಕಾರದ ಪ್ರಕಾರ ಒಂದು ಚದರ ಅಡಿ ಹುಲ್ಲಿಗೆ ವರ್ಷಕ್ಕೆ 73 ಗ್ಯಾಲನ್, ಅಂದರೆ ಸುಮಾರು 276 ಲೀಟರ್ ನೀರು ಬೇಕು. ಅಂಗಳದ ಮೇಲೆ ವರ್ಷದಲ್ಲಿ ಹತ್ತಡಿಯ ಹತ್ತಿರ ನೀರು ನಿಲ್ಲಿಸಿದಂತಾಯಿತು! ಅದೇ ಜಾಗದಲ್ಲಿ ಮರುಭೂಮಿಯ ಗಿಡಗಳಿದ್ದರೆ 18 ಗ್ಯಾಲನ್ ಸಾಕು. ಇನ್ನೊಂದು ಸಂಗತಿಯೂ ಇದೆ. ಲಾಸ್ ವೇಗಸ್‌ನಲ್ಲಿ ಅಡುಗೆಮನೆ, ಬಚ್ಚಲು, ಶೌಚಾಲಯದ ನೀರೆಲ್ಲ ಶುದ್ಧಗೊಂಡು ಮೀಡ್ ಸರೋವರಕ್ಕೇ ಮರಳುತ್ತದೆ. ಮರಳದಿರುವುದು ಅಂಗಳಕ್ಕೆ ಬಿಟ್ಟ ನೀರು ಮಾತ್ರ. ಆದ್ದರಿಂದ 1999ರಿಂದ ಹುಲ್ಲು ಕಿತ್ತವರಿಗೆ ಹಣ ಕೊಡುವ ಯೋಜನೆ ಬಂತು. 2021ರಲ್ಲಿ ನೆವಾಡಾ ಒಂದು ಕಾಯಿದೆಯನ್ನೇ ಮಾಡಿ, ಯಾರೂ ಕಾಲಿಡದ ಬರೀ ಅಲಂಕಾರದ ಹುಲ್ಲಿಗೆ 2026ರ ಕೊನೆಯ ನಂತರ ಕೊಲರಾಡೊ ನದಿಯ ನೀರು ಬಳಸುವಂತಿಲ್ಲ ಎಂದಿತು. ಮನೆಗಳ ಅಂಗಳ ಆ ಕಾಯಿದೆಯ ಹೊರಗಿದೆ.

ಕೊಲರಾಡೊ ನದಿಯ ಹಂಚಿಕೆಯೇ ತಪ್ಪು ಲೆಕ್ಕದ ಮೇಲೆ ನಿಂತಿತ್ತು. 1922ರ ಒಪ್ಪಂದ ನದಿ ತುಂಬಿ ಹರಿದ ವರ್ಷಗಳ ಅಳತೆಯನ್ನೇ ಸಾಮಾನ್ಯವೆಂದು ಬಗೆದು ನೀರು ಹಂಚಿತು. ಆ ಮೇಜಿನ ಸುತ್ತ ಮೂಲನಿವಾಸಿಗಳು ಒಬ್ಬರೂ ಇರಲಿಲ್ಲ. ಅದೇ ನದಿಯಿಂದ 336 ಮೈಲಿ ಕಾಲುವೆ ತೋಡಿ 1985ರಲ್ಲಿ ಫೀನಿಕ್ಸ್‌ಗೂ 1992ರಲ್ಲಿ ಟೂಸಾನ್‌ಗೂ ನೀರು ತಂದರು. 2021ರಲ್ಲಿ ಸರ್ಕಾರ ಆ ನದಿಯ ಮೇಲೆ ಮೊದಲ ಬಾರಿಗೆ ಕೊರತೆಯನ್ನು ಘೋಷಿಸಿತು.

ಜಲ್ಲಿ ಮರುಭೂಮಿಯಲ್ಲ

ಹಾಗಾದರೆ ಹುಲ್ಲು ಕಿತ್ತು ಜಲ್ಲಿ ಹರವಿದರೆ ಮುಗಿಯಿತೇ? ಎರಡನೇ ತಪ್ಪು ಆಗುವುದು ಇಲ್ಲೇ. ನಿಜವಾದ ಸೊನೋರಾ ಮರುಭೂಮಿಯಲ್ಲಿ ಮರಗಳಿವೆ, ಪೊದೆಗಳಿವೆ, ಮಳೆಯ ನಂತರ ಹೂವಿನ ಹಾಸೂ ಇದೆ. ಒಂದು ಕಳ್ಳಿ, ಎರಡು ಬಂಡೆ, ಉಳಿದಂತೆ ಬರೀ ಜಲ್ಲಿ ಇರುವ ಅಂಗಳ ಪ್ರಕೃತಿಯ ನಕಲೂ ಅಲ್ಲ. ಜಲ್ಲಿ ಹಗಲಿಡೀ ಬಿಸಿಲು ಕುಡಿದು ರಾತ್ರಿ ಅದನ್ನು ಗೋಡೆಗೆ ಕಾರುತ್ತದೆ. 2023ರ ಬೇಸಿಗೆಯಲ್ಲಿ ಫೀನಿಕ್ಸ್‌ನ ಗರಿಷ್ಠ ತಾಪಮಾನ ಸತತ 31 ದಿನ 43 ಡಿಗ್ರಿಗಿಂತ ಕೆಳಗಿಳಿಯಲಿಲ್ಲ. ಆ ವರ್ಷ ಮ್ಯಾರಿಕೋಪಾ ಕೌಂಟಿ ಲೆಕ್ಕಹಾಕಿದ ಬಿಸಿಲಿಗೆ ಸಂಬಂಧಿಸಿದ ಸಾವುಗಳು 645. ನೀರು ಉಳಿಸಿ ನೆರಳು ಕಳೆದುಕೊಂಡರೆ ಅದು ಉಳಿತಾಯವಾಗುವುದಿಲ್ಲ.

ಈಗ ಬಲ್ಲವರು ಹಿತ್ತಲನ್ನು ಹೊಸದಾಗಿಸುವ ಕ್ರಮವೇ ಬೇರೆ. ಮೊದಲು ಮಳೆ ಬಂದಾಗ ನಿಂತು ನೋಡುವುದು: ಸೂರಿನ ನೀರು ಎಲ್ಲಿ ಬೀಳುತ್ತದೆ, ಎತ್ತ ಹರಿಯುತ್ತದೆ. ಒಂದು ಚದರ ಮೀಟರ್ ಸೂರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಟೂಸಾನ್‌ನ ವರ್ಷದ ಮಳೆ ಸುಮಾರು 280 ಮಿಲಿಮೀಟರ್. 150 ಚದರ ಮೀಟರಿನ ಸೂರಿನಿಂದ 42,000 ಲೀಟರ್ ಇಳಿಯುತ್ತದೆ. ಆಮೇಲೆ ಗರಿಕೆ ತೆಗೆಯುವುದು. ಮೇಲಿನ ಎಲೆ ಹೆರೆದರೆ ಏನೂ ಆಗದು, ನೆಲದೊಳಗಿನ ಬೇರುಕಾಂಡ ಹೋಗಬೇಕು. ಬಳಿಕ ನೆಲ ತಗ್ಗಿಸಿ ಪಾತಿ ಮಾಡುವುದು. ಅಗೆಯುವಾಗ ಕಲೀಚೆ ಎಂಬ ಗಟ್ಟಿ ಸುಣ್ಣದ ಪದರ ಸಿಕ್ಕರೆ ಹಾರೆಯಿಂದ ಒಡೆದು ನೀರಿಳಿಯಲು ದಾರಿ ಮಾಡಬೇಕು. ಪಡುವಣ ಗೋಡೆಗೆ ಸಂಜೆಬಿಸಿಲು ತಾಗದಂತೆ ಮೆಸ್ಕೀಟ್ ಅಥವಾ ಪಾಲೊವರ್ಡೆ ಮರ. ಅದರ ನೆರಳಲ್ಲಿ ಚಿಕ್ಕ ಗಿಡಗಳು. ಮೊದಲೆರಡು ವರ್ಷ ಹನಿ ನೀರು. ಅದರ ಟೈಮರನ್ನು ಋತು ನೋಡಿ ಬದಲಿಸದಿದ್ದರೆ ಮಾಡಿದ ಉಳಿತಾಯವೆಲ್ಲ ಅಲ್ಲೇ ಸೋರಿಹೋಗುತ್ತದೆ. ಕೂರಲು ಒಂದು ಚಪ್ಪರ.

ಈ ಕ್ರಮದಲ್ಲಿ ಹೊಸತು ಬಹಳವಿಲ್ಲ. ಹಳ್ಳದ ಬಾಯಿಯ ಬದು, ಮೆಸ್ಕೀಟ್ ಕಂಬದ ಚಪ್ಪರ, ಅಂಗಳದ ನೆರಳು ಎಲ್ಲವೂ ನೂರೈವತ್ತು ವರ್ಷಗಳ ಹಿಂದೆ ಅಲ್ಲೇ ಇದ್ದವು. ಬಚ್ಚಲ ನೀರನ್ನು ಬಾಳೆಬುಡಕ್ಕೆ ಬಿಡಲು ನಮ್ಮ ಅಜ್ಜಿಯರು ಯಾರ ಅಪ್ಪಣೆಯನ್ನೂ ಕೇಳಿರಲಿಲ್ಲ. ಅರಿಜೋನಾದ ಮನೆಗಳವರು ದಿನಕ್ಕೆ 400 ಗ್ಯಾಲನ್‌ವರೆಗಿನ ಬಚ್ಚಲ ನೀರನ್ನು ಪ್ರತ್ಯೇಕ ಪರವಾನಗಿಯಿಲ್ಲದೆ ಗಿಡಗಳಿಗೆ ಬಿಡಲು 2001ರ ನಿಯಮ ಬರಬೇಕಾಯಿತು. ಟೂಸಾನ್‌ನ ಡನ್‌ಬಾರ್ ಸ್ಪ್ರಿಂಗ್ ಎಂಬ ಬಡಾವಣೆಯಲ್ಲಿ ಬ್ರ್ಯಾಡ್ ಲ್ಯಾಂಕಾಸ್ಟರ್ ರಸ್ತೆಬದಿಯ ಕಾಂಕ್ರೀಟು ಅಂಚನ್ನು ಕತ್ತರಿಸಿ, ಬೀದಿಯಲ್ಲಿ ಹರಿದುಹೋಗುವ ಮಳೆನೀರನ್ನು ಮರದ ಪಾತಿಗಳಿಗೆ ತಿರುಗಿಸಿದರು. ಆಗ ಅದು ಕಾನೂನುಬಾಹಿರ, ಮುಂದೆ ನಗರವೇ ಅದಕ್ಕೆ ಅನುಮತಿ ಕೊಟ್ಟಿತು. ತನಗೆ ದಾರಿ ತೋರಿಸಿದವರು ಜಿಂಬಾಬ್ವೆಯ ರೈತ ಜೆಫನಾಯ ಫಿರಿ ಎಂದು ಲ್ಯಾಂಕಾಸ್ಟರ್ ಬರೆದುಕೊಂಡಿದ್ದಾರೆ. ಬರದ ನಾಡಿನ ವಿದ್ಯೆ ಇನ್ನೊಂದು ಬರದ ನಾಡಿನಿಂದಲೇ ಬಂತು.

ಎರಡು ಹಿತ್ತಲುಗಳ ಕೊಡುಕೊಳ್ಳುವಿಕೆ

ಇಷ್ಟೆಲ್ಲ ಓದುವಾಗ ನಮ್ಮ ಹಿತ್ತಲೂ ನೆನಪಾಗದೆ ಇರದು. ನಮ್ಮ ಬಯಲುಸೀಮೆಯ ಬೇಲಿಯ ಕತ್ತಾಳೆ ಮತ್ತು ಪಾಪಸುಕಳ್ಳಿ ಎರಡೂ ಅಮೆರಿಕ ಖಂಡದಿಂದ ಬಂದವು. 19ನೇ ಶತಮಾನದ ಎಪ್ಪತ್ತರ ದಶಕದಲ್ಲಿ ಬ್ರಿಟಿಷ್ ಅರಣ್ಯಾಧಿಕಾರಿಗಳು ಸೌದೆಗೆಂದು ತರಿಸಿದ ಮರವೊಂದು ಈಗ ನಮ್ಮ ಕೆರೆಯಂಗಳ, ಗೋಮಾಳಗಳನ್ನೆಲ್ಲ ನುಂಗಿದೆ: ಬಳ್ಳಾರಿ ಜಾಲಿ. ಅದು ಅರಿಜೋನಾದ ಮೆಸ್ಕೀಟ್‌ನ ದಾಯಾದಿ. ಅಲ್ಲಿ ಅನ್ನವೂ ನೆರಳೂ ಆದ ಮರದ ಬಳಗದವನು ಇಲ್ಲಿ ಶಾಪವಾದ. ಇಲ್ಲಿ ದೇವರ ಮುಡಿಗೇರಿದ ಹುಲ್ಲು ಅಲ್ಲಿ ನದಿಗಳನ್ನು ಕುಡಿಯಿತು. ತಪ್ಪು ಗಿಡದ್ದಲ್ಲ. ನೆಲದ ಜೊತೆ, ಅದನ್ನು ಬಲ್ಲ ಜನರ ಜೊತೆ ಮಾತಾಡದೆ ನೆಡುವವರದು.

ಮೆಸ್ಕೀಟ್‌ನ ಕತೆಗೆ ಅದರ ತವರಿನಲ್ಲೂ ಒಂದು ದುಃಖದ ಅಧ್ಯಾಯವಿದೆ. ಟೂಸಾನ್‌ನ ದಕ್ಷಿಣಕ್ಕೆ, ತೊಹೊನೊ ಓಓಧಾಮ್ ಜನರ ಸಾನ್ ಹಾವಿಯೆರ್ ಭೂಮಿಯಲ್ಲಿ ಮೆಸ್ಕೀಟ್ ಮರಗಳ ದೊಡ್ಡ ಕಾಡಿತ್ತು. ನಗರ, ಗಣಿ, ದೊಡ್ಡ ಜಮೀನುಗಳ ಬೋರ್‌ವೆಲ್‌ಗಳು ಅಂತರ್ಜಲವನ್ನು ಎಳೆದಂತೆ ಬೇರಿಗೆ ನೀರು ಎಟುಕದೆ ಆ ಕಾಡು 20ನೇ ಶತಮಾನದ ನಡುವಿನಲ್ಲಿ ಸತ್ತುಹೋಯಿತು. ಆ ನೀರಿನ ಒಂದು ಪಾಲು ಟೂಸಾನ್‌ನ ಹುಲ್ಲುಹಾಸಿಗೆ ಹೋಗಿತ್ತು. 1975ರಲ್ಲಿ ಓಓಧಾಮ್ ಜನರ ಪರವಾಗಿ ಮೊಕದ್ದಮೆ ದಾಖಲಾಯಿತು, 1982ರಲ್ಲಿ ಕಾಂಗ್ರೆಸ್ ಕಾಯಿದೆಯ ಮೂಲಕ ರಾಜಿಯಾಯಿತು. 2004ರ ಇನ್ನೊಂದು ಕಾಯಿದೆ ಹೀಲಾ ನದಿಯ ಸಮುದಾಯಕ್ಕೆ ವರ್ಷಕ್ಕೆ 6,53,500 ಎಕರೆ-ಅಡಿ ನೀರಿನ ಹಕ್ಕನ್ನು ಒಪ್ಪಿತು. ಒಂದು ಎಕರೆಯ ಮೇಲೆ ಒಂದು ಅಡಿ ನೀರು ನಿಂತರೆ ಅದು ಒಂದು ಎಕರೆ-ಅಡಿ, ಸುಮಾರು 12.33 ಲಕ್ಷ ಲೀಟರ್. ನೂರು ವರ್ಷಗಳ ಹಿಂದೆ ಬತ್ತಿದ ಹೊಲಗಳಿಗೆ ನೀರು ಕಾಗದದಲ್ಲಾದರೂ ಮರಳಿತು. ನದಿಯ ಪಕ್ಕದಲ್ಲಿ ಮತ್ತೆ ಟೆಪರಿ ಕಾಳು ಬೆಳೆಯುತ್ತಿದೆ.

ಹಿತ್ತಲಿಗೆ ಮೆಸ್ಕೀಟ್ ಸಸಿ ತಂದು ನೆಡುವಾತ ಈ ಕತೆಯನ್ನೆಲ್ಲ ತಿಳಿದಿರಬೇಕು ಎಂದೇನಿಲ್ಲ. ಆದರೆ 'ಮರುಭೂಮಿಗೆ ಒಪ್ಪುವ ಸಹಜ ತೋಟ' ಎಂದು ನರ್ಸರಿಯ ಫಲಕ ಹೇಳುವಾಗ, ಆ ಸಹಜವನ್ನು ತಲೆಮಾರುಗಳ ಕಾಲ ಕಾಪಾಡಿದವರು ಯಾರು, ಅವರ ನೀರು ಎಲ್ಲಿಗೆ ಹೋಯಿತು ಎಂದು ಕೇಳಿಕೊಳ್ಳಬೇಕಾದ್ದು ಚರಿತ್ರೆ ಓದುವವರ ಕೆಲಸ. ಜೂನ್ ಕೊನೆಗೆ ಅಲ್ಲಿಯೂ ಮುಂಗಾರಿಗೆ ಕಾಯುತ್ತಾರೆ. ಅದನ್ನವರು ಮಾನ್ಸೂನ್ ಎಂದೇ ಕರೆಯುತ್ತಾರೆ. ಸೂರಿನಿಂದ ಇಳಿದ ಮೊದಲ ನೀರು ಪಾತಿಯಲ್ಲಿ ನಿಂತು ಇಂಗಿದ ವಾರಕ್ಕೆ, ಬೇರುಸಹಿತ ಕಿತ್ತೆವು ಎಂದುಕೊಂಡಿದ್ದ ಗರಿಕೆ ಜಲ್ಲಿಯ ಸಂದಿಯಲ್ಲಿ ಮತ್ತೆ ತಲೆ ಎತ್ತಿರುತ್ತದೆ. ಬಗ್ಗಿ ಕೀಳಬೇಕು. ಮುಂದಿನ ವರ್ಷವೂ ಕೀಳಬೇಕು.